ಮಲೆನಾಡಿನ ಕಿರುಹಳಿಯ ರೈಲನ್ನು ಮನೆಯೊಳಗೆ ಕಟ್ಟುವ ವಿಚಾರ

ಶಿವಮೊಗ್ಗೆಯಿಂದ ತಾಳಗುಪ್ಪಕ್ಕೆ ಓಡುತ್ತಿದ್ದ ಮೀಟರ್‌ಗೇಜು ಗಾಡಿಯನ್ನು ಕಂಡವರೂ ಅದರಲ್ಲಿ ಕುಳಿತವರೂ ಸಾಗರ ಹೊಸನಗರಗಳ ಸೀಮೆಯಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅದರ ಅಳತೆಗಳನ್ನು ಬಲ್ಲವರು ಬಹು ಸ್ವಲ್ಪ, ಅವರೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಲಿದ್ದಾರೆ. ಹಳಿಯ ನಡುವಣ ಅಂತರವೆಷ್ಟು, ಅಡ್ಡಮರದ ಉದ್ದವೆಷ್ಟು, ನಿಲ್ದಾಣದ ಜಗಲಿ ಎಷ್ಟು ಎತ್ತರ, ಕೈಮರ ಎಲ್ಲಿ ನಿಂತಿತ್ತು, ಗೂಡ್ಸು ಷೆಡ್ಡಿಗೆ ಎಷ್ಟು ಅಂಕಣ ಎಂಬ ಸಂಗತಿಗಳನ್ನು ಕೇಳಿದರೆ ಬಾಯಿತುಂಬ ಉತ್ತರ ಕೊಡತಕ್ಕವರು ನಿವೃತ್ತರಾದ ಗ್ಯಾಂಗಿನವರು, ಪಾಯಿಂಟ್ಸ್‌ಮನ್ನುಗಳು, ಸ್ಟೇಷನ್ ಮಾಸ್ತರರು ಮಾತ್ರ. ಇವರೆಲ್ಲರೂ ನಮ್ಮೊಡನೆ ಇರುವಾಗಲೇ ಆ ರೈಲನ್ನು ಅಳತೆಗೆ ಸರಿಯಾಗಿ ಕಿರಿದುಗೊಳಿಸಿ, ಓಡುವಂತೆ, ಒಂದು ಸೂರಿನ ಕೆಳಗೆ ಕಟ್ಟಿಡಬೇಕೆಂಬುದು ನಮ್ಮ ಅಭಿಪ್ರಾಯ. ಅದನ್ನು ಹೇಗೆ ಕಟ್ಟಬಹುದೆಂಬುದನ್ನು ಈ ಲೇಖನದಲ್ಲಿ ವಾಚಕರ ಮುಂದಿಡುತ್ತೇವೆ.

‘ಸಂಪಾದಕರಿಗೆ ಮುಪ್ಪಿನಲ್ಲಿ ಆಟಿಕೆಯ ಹುಚ್ಚು ಹಿಡಿಯಿತೇ?’ ಎಂದು ಕೆಲವರು ನಗಬಹುದು. ನಗಲಿ. ದೇವರ ರಥದ ಕೆಲಸಕ್ಕೆ ಕೈಯಿಕ್ಕುವ ಆಚಾರಿಯು ಮೊದಲು ಅಂಗೈಯಗಲದ ರಥವನ್ನು ಮಾಡಿ ನೋಡುತ್ತಾನೆ. ಅದನ್ನು ಯಾರೂ ಆಟಿಕೆಯೆನ್ನುವುದಿಲ್ಲ. ಮಾದರಿ ಎಂಬುದು ಅಳತೆಯ ವಿದ್ಯೆ. ಅಳತೆ ತಪ್ಪಿದರೆ ಅದು ಗೊಂಬೆ, ಅಳತೆ ಉಳಿದರೆ ಅದು ದಾಖಲೆ. ಅಲ್ಲದೆ ಅಳತೆಯ ವಿಚಾರವು ಸಾಗರದವರಿಗೆ ಹೊಸತೂ ಅಲ್ಲ. 1951ರ ಕಾಗೋಡು ಸತ್ಯಾಗ್ರಹವು ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ವಿವಾದದಿಂದಲೇ ಬೆಳೆದು ನಿಂತುದಲ್ಲವೇ!

ಮೊದಲು ಆ ದಾರಿಯ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದುದು 1899ರಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮಾರ್ಗವಾಗಿ ಮೈಸೂರು ಸಂಸ್ಥಾನದ ರೈಲ್ವೆಯು ಹಂತಹಂತವಾಗಿ ಮುಂದುವರಿದು 1940ರಲ್ಲಿ ತಾಳಗುಪ್ಪವನ್ನು ಮುಟ್ಟಿತು. ಎಂಟು ವರ್ಷಗಳ ತರುವಾಯ, 1948ರಲ್ಲಿ, ಜೋಗದ ವಿದ್ಯುದಾಗಾರವು ಕೆಲಸ ಮೊದಲು ಮಾಡಿತು. 1992ರಲ್ಲಿ ಭಾರತೀಯ ರೈಲ್ವೆಯು ದೇಶಕ್ಕೆಲ್ಲ ಒಂದೇ ಗೇಜು ಎಂಬ ಯೋಜನೆಯನ್ನು ಕೈಗೆತ್ತಿಕೊಂಡ ಮೇಲೆ ಸಣ್ಣ ಹಳಿಗಳ ಕಾಲ ಮುಗಿಯುತ್ತ ಬಂದಿತು. ಕೊನೆಕೊನೆಗೆ ಒಂದೇ ಪೆಟ್ಟಿಗೆಯ ರೈಲ್‌ಬಸ್ಸು ಈ ಹಳಿಯ ಮೇಲೆ ಕುಲುಕುತ್ತ ಸಂಚರಿಸುತ್ತಿದ್ದುದನ್ನು ನಮ್ಮ ಯುವಕರೂ ಬಲ್ಲರು. 2011ರ ಹೊತ್ತಿಗೆ ತಾಳಗುಪ್ಪದವರೆಗೆ ಬ್ರಾಡ್‌ಗೇಜು ಬಂದಿತು. ಬೆಂಗಳೂರಿಗೆ ನೇರವಾಗಿ ಗಾಡಿ ಓಡುತ್ತಿರುವುದರಿಂದ ಜನಕ್ಕೆ ಆದ ಅನುಕೂಲ ಅಷ್ಟಿಷ್ಟಲ್ಲ. ಹಳೆಯ ಹಳಿ ಹೋಯಿತೆಂದು ನಾವು ಅಳುತ್ತಿಲ್ಲ. ಅದರ ಗುರುತೂ ಹೋಗಕೂಡದೆಂದು ಹೇಳುತ್ತಿದ್ದೇವೆ.

ಇದಕ್ಕಿಂತಲೂ ಕಿರಿದಾದ ಇನ್ನೊಂದು ಹಳಿ ನಮ್ಮ ನೆರೆಯಲ್ಲಿಯೇ ಇತ್ತೆಂಬುದನ್ನು ಈಗಿನವರಲ್ಲಿ ಅನೇಕರು ಕೇಳಿಯೂ ಇರಲಾರರು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಒಂದು ಲಘು ರೈಲು ನಡೆಯುತ್ತಿತ್ತು. ತೀರ್ಥಹಳ್ಳಿಯ ತಾಲ್ಲೂಕಿಗೆ ರೈಲೇ ಬಾರದಿದ್ದ ಕಾಲದಲ್ಲಿ (ಈಗಲೂ ಬಂದಿಲ್ಲ) ಪಕ್ಕದ ಸೀಮೆಯ ಕಾಡಿನಲ್ಲಿ ಈ ಪುಟ್ಟ ಗಾಡಿ ಸುಳಿದಾಡುತ್ತಿದ್ದಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಇದ್ದಲಿನಿಂದ ಅದಿರನ್ನು ಕರಗಿಸುತ್ತಿದ್ದ ದಿನಗಳಲ್ಲಿ ಅದಕ್ಕೆ ಬೇಕಾದ ಸೌದೆಯನ್ನು ಹೊರುವುದಕ್ಕೂ ಕಾಡಿನೊಳಗೆ ಟ್ರಾಮ್ ಹಳಿಗಳಿದ್ದವು. ಇವೆಲ್ಲ ಇಂದು ಇಲ್ಲ. ಇತ್ತ ಮೂಡಣ ಮೈಸೂರಿನಲ್ಲಿ ಬೌರಿಂಗ್‌ಪೇಟೆ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಎರಡೂವರೆ ಅಡಿಯ ಹಳಿ ಇದ್ದಿತು, ಅದೂ ಬ್ರಾಡ್‌ಗೇಜಾಯಿತು. ಡಾರ್ಜಿಲಿಂಗಿನ ಎರಡಡಿಯ ರೈಲು 1881ರಿಂದ ಓಡುತ್ತಿದೆ, 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನೀಲಗಿರಿಯದು 2005ರಲ್ಲಿ, ಕಲ್ಕಾ-ಶಿಮ್ಲಾದ್ದು 2008ರಲ್ಲಿ. ನಮ್ಮ ಕಾಡಿನ ರೈಲುಗಳಿಗೆ ಆ ಭಾಗ್ಯವಿರಲಿಲ್ಲ.

ಇನ್ನು ಕಟ್ಟುವ ವಿಚಾರ. ಮಾದರಿ ರೈಲನ್ನು ಕಟ್ಟುವವರ ಎದುರಿಗೆ ನಿಲ್ಲುವ ಮೊದಲನೆಯ ಪ್ರಶ್ನೆಯೆಂದರೆ ಪ್ರಮಾಣ. ಅಂದರೆ ನಿಜವಾದುದರ ಎಷ್ಟನೆಯ ಒಂದು ಪಾಲು. ಲೋಕದಲ್ಲಿ ಬಹುಮಂದಿ ಹಿಡಿದಿರುವುದು 87ನೆಯ ಒಂದು ಪಾಲು. ಪುಣೆಯಲ್ಲಿ ಜೋಶಿಯವರು 1998ರಲ್ಲಿ ತೆರೆದ ಕಿರುರೈಲುಗಳ ಸಂಗ್ರಹಾಲಯವೂ, ಜರ್ಮನಿಯ ಹ್ಯಾಂಬರ್ಗಿನಲ್ಲಿ 2001ರಿಂದ ಬೆಳೆಯುತ್ತಿರುವ ಜಗತ್ಪ್ರಸಿದ್ಧವಾದ ಕಿರುಲೋಕವೂ ಮುಖ್ಯವಾಗಿ ಈ ಪ್ರಮಾಣದವೇ. ಅದರಲ್ಲಿ ನಗರಗಳನ್ನು, ಉದ್ದುದ್ದ ಗಾಡಿಗಳನ್ನು ತೋರಿಸಬಹುದು. ಆದರೆ ಅಲ್ಲಿ ಒಬ್ಬ ಮನುಷ್ಯನ ಎತ್ತರ 19 ಮಿಲಿಮೀಟರ್ ಮಾತ್ರ, ಹೆಬ್ಬೆರಳಿನ ಒಂದು ಗೆಣ್ಣಿಗಿಂತಲೂ ಕಡಿಮೆ. ಅಂಥ ಗೊಂಬೆಗೆ ಮುಖವಿರುವುದಿಲ್ಲ, ಚುಕ್ಕೆ ಮಾತ್ರ ಇರುತ್ತದೆ. ಅದನ್ನು ಅಚ್ಚಿನಿಂದ ಮಾಡಬೇಕು, ಇಲ್ಲವೆ ಹೊರದೇಶದಿಂದ ತರಿಸಬೇಕು. ನಮ್ಮ ಬಡಗಿಯ ಉಳಿಗೆ, ಕಮ್ಮಾರನ ಅರಕ್ಕೆ ಅಲ್ಲಿ ಕೆಲಸವೇ ಇಲ್ಲ. ಈ ಕಾರಣದಿಂದಲೇ ನಾವು ದೊಡ್ಡ ಪ್ರಮಾಣದ ಪಕ್ಷವನ್ನು ಹಿಡಿದಿರುವುದು.

ದೊಡ್ಡ ಪ್ರಮಾಣವೆಂದೊಡನೆ ಜಾಗದ ಗತಿಯೇನೆಂಬ ಆಕ್ಷೇಪ ಬರುವುದು ಸಹಜ. ಬ್ರಾಡ್‌ಗೇಜಿನ ಗಾಡಿಯನ್ನು ದೊಡ್ಡದಾಗಿ ಮಾಡಿದರೆ ಅದನ್ನು ತಿರುಗಿಸಲು ಕಲ್ಯಾಣಮಂಟಪವೇ ಬೇಕಾದೀತು. ಕಿರುಹಳಿಯ ಗುಣವಿರುವುದು ಇಲ್ಲಿಯೇ. ಕಾಡಿನಲ್ಲಿಯೂ ಗುಡ್ಡದಲ್ಲಿಯೂ ಅಗ್ಗವಾಗಿ ನುಸುಳಬೇಕೆಂಬ ಉದ್ದೇಶದಿಂದಲೇ ಅದನ್ನು ಹುಟ್ಟಿಸಿದ್ದು. ಎಂಜಿನು ಚಿಕ್ಕದು, ಬಂಡಿಗಳು ಗಿಡ್ಡ, ತಿರುವು ಬಿಗಿ, ಏರು ಕಡಿದು, ಇಡೀ ಗಾಡಿಗೆ ನಾಲ್ಕು ಬಂಡಿಯಿದ್ದರೆ ಅದೇ ಪೂರ್ಣ. ಮಲೆಯ ಇಕ್ಕಟ್ಟಿನಲ್ಲಿ ಬದುಕಿದ ಆ ರೈಲು ಮನೆಯ ಇಕ್ಕಟ್ಟಿನಲ್ಲಿಯೂ ಬದುಕುತ್ತದೆ. ಪ್ರಮಾಣ ಹಿರಿದು, ಗಾಡಿ ಕಿರಿದು. ಆಗ ಅಟ್ಟವೂ ಸಾಕು, ಕೈಗೂ ಕೆಲಸ.

ಲೆಕ್ಕವನ್ನು ನೋಡೋಣ. ಮಾದರಿಯ ಲೋಕದಲ್ಲಿ 45 ಮಿಲಿಮೀಟರ್ ಮತ್ತು 32 ಮಿಲಿಮೀಟರ್ ಅಗಲದ ಎರಡು ಹಳಿಗಳು ಬಹುಕಾಲದಿಂದ ರೂಢಿಯಲ್ಲಿವೆ. ಚಕ್ರ, ಹಳಿ, ಗಾಲಿಯಚ್ಚುಗಳು ಈ ಅಳತೆಗಳಿಗೆ ಸಿಕ್ಕುತ್ತವೆ. ಜರ್ಮನಿಯ ಲೇಮನ್ ಕಾರ್ಖಾನೆಯವರು 1968ರಲ್ಲಿ 45 ಮಿಲಿಮೀಟರಿನ ಹಳಿಯನ್ನು ಮೀಟರ್‌ಗೇಜಿನ ಪ್ರತಿನಿಧಿಯೆಂದು ಹಿಡಿದು 22.5ನೆಯ ಒಂದು ಪಾಲಿನ ಗಾಡಿಗಳನ್ನು ಹೊರಡಿಸಿದರು. 45ನ್ನು 22.5ರಿಂದ ಗುಣಿಸಿದರೆ 1012 ಮಿಲಿಮೀಟರ್, ಸರಿಸುಮಾರು ಒಂದು ಮೀಟರ್. ತಾಳಗುಪ್ಪದ ದಾರಿಗೆ ಇದಕ್ಕಿಂತ ಒಪ್ಪುವ ಪ್ರಮಾಣ ಬೇರಿಲ್ಲ. ಇನ್ನು ಇಂಗ್ಲೆಂಡಿನ ಹವ್ಯಾಸಿಗಳು ಅಡಿಗೆ 16 ಮಿಲಿಮೀಟರೆಂದು, ಅಂದರೆ 19ನೆಯ ಒಂದು ಪಾಲೆಂದು, ಹಿಡಿಯುತ್ತಾರೆ. ಆಗ 32 ಮಿಲಿಮೀಟರಿನ ಹಳಿಯು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಎರಡಡಿಯಾಗುತ್ತದೆ. ನರಸಿಂಹರಾಜಪುರದ ಗಾಡಿಗೆ ಇದು ಹೇಳಿ ಮಾಡಿಸಿದಂತಿದೆ.

ಇವೆರಡನ್ನೂ ಒಂದೇ ಮೇಜಿನ ಮೇಲೆ ಕೂಡಿಸಿದರಾಗದೇ ಎಂದರೆ, ಆಗದು. ಒಂದರ ಪ್ರಮಾಣ ಬೇರೆ, ಇನ್ನೊಂದರದು ಬೇರೆ. ಅಕ್ಕಪಕ್ಕ ನಿಲ್ಲಿಸಿದರೆ ಒಂದರ ಪ್ರಯಾಣಿಕನು ಇನ್ನೊಂದರವನಿಗಿಂತ ಅರ್ಧ ಅಂಗುಲ ಹೆಚ್ಚಾಗಿ ಕಾಣುವನು. ಎರಡು ದೋಣಿಯಲ್ಲಿ ಕಾಲಿಡದೆ ಒಂದನ್ನು ಆರಿಸಿಕೊಳ್ಳತಕ್ಕದ್ದು. ನಮ್ಮ ಮತವೇನೆಂದರೆ, ಮನೆಯಲ್ಲಿ ಕಟ್ಟುವವರು ಎರಡಡಿಯ ಕಾಡುರೈಲನ್ನು ಕಟ್ಟಲಿ. ಊರವರು ಕೂಡಿ ಸಾರ್ವಜನಿಕ ಭವನದಲ್ಲಿ ಕಟ್ಟುವುದಾದರೆ ತಾಳಗುಪ್ಪದ ಮೀಟರ್‌ಗೇಜನ್ನು ಕಟ್ಟಲಿ. ಕಾರಣವನ್ನು ಅಂಕಿಗಳೇ ಹೇಳುತ್ತವೆ. ಮೀಟರ್‌ಗೇಜಿನ ಪ್ರಯಾಣಿಕರ ಪೆಟ್ಟಿಗೆಯ ಉದ್ದ ಸುಮಾರು 19 ಮೀಟರ್. ಕಿರಿದು ಮಾಡಿದಾಗ ಒಂದೊಂದೂ 84 ಸೆಂಟಿಮೀಟರ್. ಅವು ನೋಡಲು ಚೆನ್ನಾಗಿ ತಿರುಗಬೇಕಾದರೆ ತಿರುವಿನ ತ್ರಿಜ್ಯವು ಎರಡು ಮೀಟರಾದರೂ ಇರಬೇಕು. ಹತ್ತಡಿಯ ಸೌದೆಬಂಡಿಯಾದರೋ 19ನೆಯ ಒಂದು ಪಾಲಿನಲ್ಲಿ 16 ಸೆಂಟಿಮೀಟರ್ ಮಾತ್ರ. ಅದು 75 ಸೆಂಟಿಮೀಟರಿನ ತ್ರಿಜ್ಯದಲ್ಲಿ ಸಲೀಸಾಗಿ ಹೊರಳುತ್ತದೆ, ಒಂದು ಮೀಟರಿದ್ದರಂತೂ ಅಂದವಾಗಿಯೂ ಕಾಣುತ್ತದೆ.

ಇಡೀ ದಾರಿಯನ್ನು ಕಟ್ಟುವೆವೆಂಬ ಭ್ರಮೆ ಯಾರಿಗೂ ಬೇಡ. ಶಿವಮೊಗ್ಗೆಯಿಂದ ತಾಳಗುಪ್ಪಕ್ಕೆ ಸುಮಾರು 97 ಕಿಲೋಮೀಟರ್, 22.5ರಿಂದ ಭಾಗಿಸಿದರೂ ನಾಲ್ಕು ಕಿಲೋಮೀಟರಿಗೆ ಮೇಲ್ಪಟ್ಟು ಹಳಿ ಬೇಕಾಗುತ್ತದೆ. ಆದುದರಿಂದ ಆರಿಸಬೇಕು. ಯಕ್ಷಗಾನದಲ್ಲಿ ಇಡೀ ಭಾರತವನ್ನು ಒಂದೇ ರಾತ್ರಿ ಆಡುವವರುಂಟೇ? ಒಂದು ಪ್ರಸಂಗವನ್ನು ಹಿಡಿದು ಅದನ್ನು ಪೂರ್ತಿಯಾಗಿ ಆಡುತ್ತಾರೆ. ಹಾಗೆಯೇ ಒಂದು ನಿಲ್ದಾಣ, ಒಂದು ಸೇತುವೆ, ಒಂದು ಕಾನು, ಒಂದು ಕೊನೆ. ಹತ್ತು ನಿಲ್ದಾಣಗಳನ್ನು ಒಂದರ ಮೇಲೊಂದು ತುರುಕಿದ ಮಾದರಿಗಳ ಚಿತ್ರಗಳನ್ನು ನಾವು ನೋಡಿದ್ದೇವೆ. ಎಂಜಿನು ಒಂದು ಊರನ್ನು ಬಿಡುವ ಮೊದಲೇ ಗಾಡಿಯ ಬಾಲ ಇನ್ನೊಂದು ಊರಿನಲ್ಲಿರುತ್ತದೆ, ನಗು ಬರುತ್ತದೆ.

ಈ ಸೀಮೆಯಲ್ಲಿ ಇದನ್ನು ಬಯಲಿನಲ್ಲಿ ಕಟ್ಟುವ ಮಾತೇ ಬೇಡ. ಬೇರೆ ದೇಶದವರು ಈ ದೊಡ್ಡ ಪ್ರಮಾಣದ ಹಳಿಯನ್ನು ಹೂದೋಟದಲ್ಲಿ ಹಾಸುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿಯೂ ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲಿಯೂ ಸುರಿಯುವ ಮಳೆಯನ್ನು ಅವರು ಕಂಡಿಲ್ಲ! ಆರಿದ್ರೆ ಪುನರ್ವಸುಗಳು ಕಳೆಯುವಷ್ಟರಲ್ಲಿ ತೋಟದ ರೈಲು ಹೊಳೆಯ ಪಾಲು. ನಮಗೆ ಮನೆಯೊಳಗೇ ಗತಿ, ಮತ್ತು ಮಲೆನಾಡಿನ ಮನೆಗಳು ಇದಕ್ಕೆ ಹೇಳಿಸಿದಂತಿವೆ. ಅಡಿಕೆ ಬೆಳೆಗಾರರ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಒಂದು ಬೀದಿಯಷ್ಟು ಉದ್ದ. ಕೊಯ್ಲಿನ ಮೂರು ನಾಲ್ಕು ತಿಂಗಳು ಬಿಟ್ಟರೆ ಹಳೆಯ ಪೆಟ್ಟಿಗೆ, ಮುರಿದ ತೊಟ್ಟಿಲು, ಇಲಿ, ಇವೇ ಅಲ್ಲಿಯ ನಿವಾಸಿಗಳು. 30 ಅಡಿ ಉದ್ದ 12 ಅಡಿ ಅಗಲದ ಅಟ್ಟದಲ್ಲಿ ಗೋಡೆಯ ಗುಂಟ ಹಳಿಯನ್ನು ಹಾಸಿದರೆ ಒಂದು ಸುತ್ತಿಗೆ ಸುಮಾರು 20 ಮೀಟರ್ ದೊರೆಯುತ್ತದೆ. ನಿಜವಾದ ಗಾಡಿ ಗಂಟೆಗೆ 20 ಕಿಲೋಮೀಟರಿನಂತೆ ಹೋಗುತ್ತಿದ್ದರೆ ನಮ್ಮದು ಸೆಕೆಂಡಿಗೆ ಒಂದು ಅಡಿಯಷ್ಟು ಸಾಗಬೇಕು. ಆ ಲೆಕ್ಕದಲ್ಲಿ ಒಂದು ಸುತ್ತಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ. ಹುಡುಗರು ಇದಕ್ಕಿಂತ ವೇಗವಾಗಿ ಓಡಿಸಬೇಕೆಂದು ಹಟ ಹಿಡಿಯುವರು, ಬಿಡಬಾರದು.

ಗೋಡೆಗೆ ಊರಿದ ಕಟ್ಟುಮರದ ಮೇಲೆ ಎರಡೂವರೆ ಅಡಿ ಅಗಲದ ಹಲಗೆಯನ್ನು ಹಾಸುವುದು. ಅದಕ್ಕಿಂತ ಅಗಲವಾದರೆ ಹಿಂದಣ ಹಳಿಗೆ ಕೈ ಎಟುಕುವುದಿಲ್ಲ. ಗಾಡಿ ತಪ್ಪಿ ಬೀಳುವುದು ಯಾವಾಗಲೂ ಕೈ ಎಟುಕದ ಕಡೆಯಲ್ಲಿಯೇ. ಎತ್ತರವು ಮೂರೂವರೆ ನಾಲ್ಕು ಅಡಿಯಿದ್ದರೆ ನಿಂತವನು ಸ್ವಲ್ಪ ಬಗ್ಗಿದಾಗ ಕಣ್ಣು ಎಂಜಿನಿನ ಮಟ್ಟಕ್ಕೆ ಬರುತ್ತದೆ. ಹದ್ದಿನ ಕಣ್ಣಿನಿಂದ ನೋಡಿದಾಗ ಆಟಿಕೆಯಂತೆ ಕಾಣುವುದು ಕಣ್ಣಮಟ್ಟದಲ್ಲಿ ನೋಡಿದಾಗ ರೈಲಾಗುತ್ತದೆ. ಚಿಕ್ಕ ಮಕ್ಕಳಿಗೆ ಒಂದು ಮಣೆ ಹಾಕಿದರಾಯಿತು.

ಮರದ ವಿಷಯದಲ್ಲಿ ನಮ್ಮ ಹಳೆಯ ಆಚಾರಿಗಳ ಮಾತನ್ನು ಮೀರಲಾಗದು. ಬೇಸಗೆಯಲ್ಲಿ ಬಿಗಿಯಾಗಿ ಜೋಡಿಸಿದ ಹಲಗೆ ಆಷಾಢದಲ್ಲಿ ಉಬ್ಬಿ ಎದ್ದು ನಿಲ್ಲುತ್ತದೆ, ಮಾಘದಲ್ಲಿ ಬಾಯಿ ಬಿಡುತ್ತದೆ. ಮರವು ಎಳೆಯ ಉದ್ದಕ್ಕೆ ಅಲುಗುವುದು ಅತ್ಯಲ್ಪ, ಅಡ್ಡಕ್ಕೆ ಅಲುಗುವುದು ಬಹಳ. ಆದುದರಿಂದ ಹಳಿಯನ್ನು ಎಳೆಯ ಗುಂಟವೇ ಹಾಸತಕ್ಕದ್ದು, ಹಲಗೆಗಳ ನಡುವೆ ಸಂದು ಬಿಡತಕ್ಕದ್ದು, ನಾಲ್ಕು ಮುಖಕ್ಕೂ ವಾರ್ನಿಷು ಬಳಿಯತಕ್ಕದ್ದು. ಅನೇಕರು ಮೇಲ್ಮುಖಕ್ಕೆ ಮಾತ್ರ ಬಳಿದು ಕೆಳಮುಖವನ್ನು ಮರೆಯುತ್ತಾರೆ; ತೇವವು ಕಳ್ಳನಂತೆ ಹಿತ್ತಿಲ ಬಾಗಿಲಿನಿಂದಲೇ ಬರುವುದು. ಹಳಿಗೂ ಸಂದು ಬೇಕು. ಹತ್ತು ಮೀಟರಿನ ಉಕ್ಕಿನ ಹಳಿಯು 15 ಡಿಗ್ರಿ ಸೆಖೆ ಏರಿದರೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ, ಹಿತ್ತಾಳೆಯದಾದರೆ ಸುಮಾರು 3. ಗೆದ್ದಲಿನ ವಿಚಾರವನ್ನು ಮಲೆನಾಡಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಅಡ್ಡಮರಗಳಿಗೆ ಅಡಿಕೆಯ ದಬ್ಬೆಯನ್ನು ಉಪಯೋಗಿಸಿ ನೋಡಬೇಕೆಂದು ನಮ್ಮ ಸೂಚನೆ. ಬಲಿತ ಅಡಿಕೆಮರದ ಹೊರಮೈ ಕರಿದು, ಗಟ್ಟಿ, ನಾರು ನೇರ. ಸೀಳಿದರೆ ಹಳೆಯ ಸ್ಲೀಪರಿನಂತೆಯೇ ಗೆರೆಗೆರೆಯಾಗಿ ಕಾಣುತ್ತದೆ. ಮೀಟರ್‌ಗೇಜಿನ ಮರದ ಸ್ಲೀಪರು ಆರಡಿ ಉದ್ದ, ಎಂಟು ಅಂಗುಲ ಅಗಲ, ನಾಲ್ಕೂವರೆ ಅಂಗುಲ ದಪ್ಪ. 22.5ನೆಯ ಒಂದು ಪಾಲಿನಲ್ಲಿ ಅದು 8 ಸೆಂಟಿಮೀಟರ್ ಉದ್ದ, 9 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪವಾಗುವುದು. 12 ಮೀಟರಿನ ಒಂದು ಹಳಿಗೆ ಹದಿನಾರು ಸ್ಲೀಪರುಗಳಂತೆ ಹಿಡಿದರೆ ಮಾದರಿಯ ಒಂದು ಮೀಟರಿಗೆ ಮೂವತ್ತು. 20 ಮೀಟರಿಗೆ 600. ಒಂದೊಂದಕ್ಕೆ ನಾಲ್ಕು ಮೊಳೆಯಂತೆ 2400 ಮೊಳೆಗಳು. ಇಷ್ಟನ್ನೂ ಕೈಯಲ್ಲಿ ಹೊಡೆಯಬೇಕೇ ಎಂದರೆ, ಹೌದು, ಹೊಡೆಯಬೇಕು. ದಿನಕ್ಕೆ ಇಪ್ಪತ್ತು ಸ್ಲೀಪರು ಹಾಸಿದರೆ ಒಂದು ತಿಂಗಳ ಕೆಲಸ. ಪ್ಲಾಸ್ಟಿಕ್ಕಿನ ಸಿದ್ಧಹಳಿಯನ್ನು ಹೊರದೇಶದಿಂದ ತರಿಸಿ ಒಂದೇ ದಿನದಲ್ಲಿ ಕೂಡಿಸುವವರೂ ಉಂಟು. ಅವರಲ್ಲಿ ನಮಗೆ ಜಗಳವಿಲ್ಲ. ಆದರೆ ಆ ಮೂವತ್ತು ದಿನಗಳಲ್ಲಿ ಒಬ್ಬ ಹುಡುಗನು ಅಳೆಯುವುದನ್ನೂ ಕೊಯ್ಯುವುದನ್ನೂ ಮಟ್ಟಗೋಲು ಹಿಡಿಯುವುದನ್ನೂ ಕಲಿಯುವನಲ್ಲ, ಆ ಕಲಿಕೆಯು ಪೊಟ್ಟಣದಲ್ಲಿ ಬರುವುದಿಲ್ಲ. ಜಲ್ಲಿಗೆ ನಮ್ಮ ಕಲ್ಲುಗಣಿಯ ಪುಡಿಯನ್ನು ಜರಡಿ ಹಿಡಿದರೆ ಸಾಕು. ನೆಲದ ಬಣ್ಣಕ್ಕೆ ಜಂಬಿಟ್ಟಿಗೆಯ ಪುಡಿ. ಅದಕ್ಕಿಂತ ನಿಜವಾದ ಬಣ್ಣ ಯಾವ ಡಬ್ಬಿಯಲ್ಲಿಯೂ ಇಲ್ಲ.

ಚಕ್ರ ಮತ್ತು ಎಂಜಿನು ಮಾತ್ರ ಕಠಿಣವಾದ ಭಾಗ. ಚಕ್ರದ ಅಂಚು, ಅಚ್ಚಿನ ಅಂತರ ಇವುಗಳಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಕವಲುಹಳಿಯಲ್ಲಿ ಗಾಡಿ ಬೀಳುತ್ತದೆ. ಇವನ್ನು ಲೇತಿನಲ್ಲಿ ಲೋಹದಿಂದಲೇ ಕಡೆಸಬೇಕು. ಚನ್ನಪಟ್ಟಣದ ಆಟದ ರೈಲಿನಂತೆ ಹಾಲೆಮರದ ಚಕ್ರ ಇಲ್ಲಿ ನಡೆಯದು. ಎಂಜಿನಿನ ಒಡಲಿಗೆ ಮೋಟಾರು ಗೇರುಗಳನ್ನು ಕೊಂಡು ತಂದು ಮೇಲಣ ಕವಚವನ್ನು ಹಿತ್ತಾಳೆಯ ತಗಡಿನಲ್ಲಿ ಕಟ್ಟುವುದು ಲೇಸು. ಬೆಸುಗೆಯ ಕೆಲಸದಲ್ಲಿ ನಮ್ಮ ಅಕ್ಕಸಾಲಿಗರ ಕೈಯನ್ನು ಮೀರಿಸುವವರಾರು? ಹೊರದೇಶದ ಒಂದು ಸಿದ್ಧ ಎಂಜಿನಿಗೆ ಹತ್ತಾರು ಸಾವಿರ ರೂಪಾಯಿ ತೆರಬೇಕು. ತೆತ್ತರೂ ಬರುವುದು ಆಲ್ಪ್ಸ್ ಪರ್ವತದ ಎಂಜಿನು, ಮೈಸೂರು ಸಂಸ್ಥಾನದ್ದಲ್ಲ. ನಿಜವಾದ ಅಳತೆ ಬೇಕಾದವರು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1979ರಲ್ಲಿ ತೆರೆದ ಆ ಸಂಗ್ರಹಾಲಯದಲ್ಲಿ ಹಳೆಯ ಎಂಜಿನುಗಳನ್ನೂ ಪೆಟ್ಟಿಗೆಗಳನ್ನೂ ಹತ್ತಿರದಿಂದ ನೋಡಬಹುದು.

ಶಕ್ತಿಯನ್ನು ಹಳಿಯ ಮೂಲಕ ಹರಿಸುವುದೇ ಹಳೆಯ ಪದ್ಧತಿ. ಮಲೆನಾಡಿನ ತೇವದಲ್ಲಿ ಹಳಿಗೆ ಕಿಲುಬು ಹಿಡಿದು ಗಾಡಿ ನಿಂತು ನಿಂತು ಹೋಗುವುದರಿಂದ ದಿನವೂ ಉಜ್ಜುವ ಚಾಕರಿ ಬೀಳುತ್ತದೆ. ಈಗ ಎಂಜಿನಿನ ಹೊಟ್ಟೆಯಲ್ಲಿಯೇ ಬ್ಯಾಟರಿಯನ್ನಿಟ್ಟು ನಿಸ್ತಂತುವಿನಿಂದ ನಡೆಸುವ ಕ್ರಮ ಬಂದಿದೆ, ದೊಡ್ಡ ಪ್ರಮಾಣದ ಎಂಜಿನಿನಲ್ಲಿ ಅದಕ್ಕೆ ಜಾಗವೂ ಉಂಟು. ನಮ್ಮ ಊರುಗಳಲ್ಲಿ ಗಾಳಿ ಬೀಸಿದೊಡನೆ ಕರೆಂಟು ಹೋಗುವುದನ್ನು ನೆನೆದರೂ ಇದೇ ಸರಿ. ನಿಜವಾದ ಉಗಿಯಿಂದ ಓಡುವ ಚಿಕ್ಕ ಎಂಜಿನುಗಳೂ ಇವೆ. ಅವುಗಳಲ್ಲಿ ಅನಿಲವನ್ನು ಉರಿಸುತ್ತಾರೆ. ನೋಡಲು ಮನೋಹರ. ಆದರೆ ಕೆಳಗೆ ಕೊಟ್ಟಿಗೆ, ಪಕ್ಕದಲ್ಲಿ ಹುಲ್ಲು, ಮೇಲೆ ಮರದ ಮುಚ್ಚಿಗೆ ಇರುವ ಕಡೆ ಬೆಂಕಿಯ ಸಹವಾಸ ಖಂಡಿತ ಕೂಡದು.

ಭೂದೃಶ್ಯದ ವಿಚಾರದಲ್ಲಿ ಒಂದು ವಿಚಿತ್ರವಾದ ತೊಡಕನ್ನು ಹೇಳಬೇಕು. ಐವತ್ತಡಿಯ ಅಡಿಕೆಮರವನ್ನು 19ನೆಯ ಒಂದು ಪಾಲು ಮಾಡಿದರೂ ಅದು 80 ಸೆಂಟಿಮೀಟರ್ ಎತ್ತರವಿರುತ್ತದೆ. ಕಾನಿನ ನೂರಡಿಯ ಮರವೋ ಒಂದೂವರೆ ಮೀಟರಿಗೂ ಹೆಚ್ಚು. ಅಟ್ಟದ ಜಂತಿಗೆ ತಾಗುತ್ತದೆ. ಮರಗಳನ್ನು ಗಿಡ್ಡ ಮಾಡಿದರೆ ಮಲೆನಾಡು ಬಯಲುಸೀಮೆಯಾಯಿತು! ಉಪಾಯವೆಂದರೆ ತುದಿಯನ್ನು ತೋರಿಸದೆ ಇರುವುದು. ಬುಡವನ್ನೂ ಕಾಂಡವನ್ನೂ ಮಾಡಿ, ಮೇಲ್ಭಾಗವನ್ನು ನಾಟಕದ ಪರದೆಯ ಝಾಲರಿಯಂತಹ ಒಂದು ಪಟ್ಟಿಯಿಂದ ಮರೆಮಾಡುವುದು. ಆಗ ನೋಡುವವನ ಮನಸ್ಸೇ ಉಳಿದ ಅರವತ್ತಡಿಯನ್ನು ಬೆಳೆಸಿಕೊಳ್ಳುತ್ತದೆ. ಕತ್ತಲೆಯ ಕಾಂಡಗಳ ನಡುವೆ ಸೌದೆಯ ಗಾಡಿಯೊಂದು ಬಂದು ಮರೆಯಾದರೆ ಸಾಕು. ಬೆಟ್ಟ ಕೊಳ್ಳಗಳನ್ನು ಕಾಗದದಲ್ಲಿ ಅಂಟಿಸುವ ಶ್ರಮ ತಪ್ಪಿತು.

ಮನುಷ್ಯರ ಗೊಂಬೆಗಳಲ್ಲಿ ಮಾತ್ರ ಲೋಭ ಮಾಡಕೂಡದು. ಐದೂವರೆ ಅಡಿಯ ಆಳು 19ನೆಯ ಒಂದು ಪಾಲಿನಲ್ಲಿ 88 ಮಿಲಿಮೀಟರ್, 22.5ನೆಯ ಪಾಲಿನಲ್ಲಿ ಸುಮಾರು 75. ಇದು ಗುಡಿಗಾರರ ಅಳತೆ. ಸಾಗರ ಸೊರಬಗಳ ಗುಡಿಗಾರ ಮನೆತನಗಳವರು ಶ್ರೀಗಂಧದ ಕೊರಡಿನಲ್ಲಿ ಇದಕ್ಕಿಂತ ಕಿರಿದಾದ ದೇವತೆಗಳಿಗೂ ಕಣ್ಣೆವೆಯ ಸಮೇತ ಮುಖ ಬಿಡಿಸಿದವರು. ಗಂಧದ ಮರವೇ ಬೇಕಾಗಿಲ್ಲ, ಶಿವನೆಮರ ಸಾಕು. ಅವರಿಂದ ಸ್ಟೇಷನ್ ಮಾಸ್ತರನನ್ನು, ತಲೆಯ ಮೇಲೆ ಮೂಟೆ ಹೊತ್ತ ಹಮಾಲನನ್ನು, ಕಂಬಳಿಯ ಕೊಪ್ಪೆ ಹಾಕಿಕೊಂಡು ಹಳಿಯ ಮೇಲೆ ನಡೆದುಹೋಗುವ ಕಾವಲಿನವನನ್ನು ಕೆತ್ತಿಸಬೇಕು. ಹಳಿಯ ಬದಿಯ ಮನೆಗಳ ಗೋಡೆಗೆ ಕೆಮ್ಮಣ್ಣು ಬಳಿದು ದೀವರ ಹೆಣ್ಣುಮಕ್ಕಳು ಬರೆಯುವ ಹಸೆಚಿತ್ತಾರವನ್ನು ಅವರ ಕೈಯಿಂದಲೇ ಬರೆಸಬೇಕು. ಬೆರಳಗಲದ ಗೋಡೆಗೆ ಬೇಕಾದಷ್ಟು ಸೂಕ್ಷ್ಮ ಅವರ ಕೈಯಲ್ಲಿದೆ. ಕೂಲಿಯನ್ನು ಕಲಾವಿದರಿಗೆ ಸಲ್ಲುವಂತೆ ಕೊಡತಕ್ಕದ್ದು, ‘ಒಂದು ಗೊಂಬೆ ತಾನೆ’ ಎಂದು ಚೌಕಾಸಿ ಮಾಡತಕ್ಕದ್ದಲ್ಲ.

ಸಾರ್ವಜನಿಕವಾಗಿ ಕಟ್ಟುವ ಮಾದರಿಗೆ ಯಾವ ನಿಲ್ದಾಣವನ್ನು ಆರಿಸಬೇಕು? ನಮ್ಮ ಆಯ್ಕೆ ಸಾಗರದ ಜಂಬಗಾರು ನಿಲ್ದಾಣ, ಮೀಟರ್‌ಗೇಜಿನ ಕಾಲದಲ್ಲಿ ಇದ್ದಂತೆ. ಅಡಿಕೆಯ ಮೂಟೆಗಳು ಅಲ್ಲಿಂದ ಹೊರಟವು, ಓದಲು ಹೋಗುವ ಹುಡುಗರು ಅಲ್ಲಿಂದ ಹೊರಟರು. 1951ರಲ್ಲಿ ಕಾಗೋಡಿನ ಗೇಣಿದಾರರಿಗೆ ಬೆಂಬಲವಾಗಿ ಬಂದಿದ್ದ ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಬಂಧಿಸಿದುದು ಸಾಗರದ ರೈಲು ನಿಲ್ದಾಣದಲ್ಲಿಯೇ. ಸ್ವತಂತ್ರ ಭಾರತಕ್ಕೆ ಆಗ ನಾಲ್ಕು ವರ್ಷ ತುಂಬಿರಲಿಲ್ಲ. ರೈತರ ಇತಿಹಾಸದಲ್ಲಿ ಅಷ್ಟು ದೊಡ್ಡ ಸ್ಥಾನವಿರುವ ನಿಲ್ದಾಣವನ್ನು ಕಿಟಕಿ ಬಾಗಿಲುಗಳ ಸಹಿತ ಅಳತೆಗೆ ಸರಿಯಾಗಿ ತೋರಿಸುವ ಒಂದು ಮಾದರಿ ಸಾಗರದಲ್ಲಿರುವುದು ಯೋಗ್ಯವಲ್ಲವೇ?

ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣದ ಸಂಗತಿ ಬೇರೆ. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಅವರು ದೂರದರ್ಶನಕ್ಕಾಗಿ ಚಿತ್ರಿಸಿದಾಗ ಆಗುಂಬೆಯು ಮಾಲ್ಗುಡಿಯಾಯಿತು, ಅರಸಾಳು ಮಾಲ್ಗುಡಿಯ ನಿಲ್ದಾಣವಾಯಿತು. 1986ರಿಂದ ಅದನ್ನು ದೇಶವೆಲ್ಲ ನೋಡಿತು. ಹಳೆಯ ಮೀಟರ್‌ಗೇಜಿನ ಆ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಮ್ಮನ್ನಾಗಿ ಮಾಡಿದ್ದಾರೆ. ಮೀಟರ್‌ಗೇಜಿನ ಒಂದು ಪೆಟ್ಟಿಗೆಯೂ ಅಲ್ಲಿ ಚಹದಂಗಡಿಯಾಗಿ ನಿಂತಿದೆ. ಕೆಡವದೆ ಉಳಿಸಿದವರಿಗೆ ನಾವು ಕೃತಜ್ಞರು. ಆದರೂ ಒಂದು ಮಾತನ್ನು ಹೇಳದೆ ಇರಲಾರೆವು. ಎಲ್ಲಿಯೂ ಇಲ್ಲದ ಊರಿನ ಹೆಸರಿನಲ್ಲಿ ಸ್ಮಾರಕವಾಯಿತು; ಆ ಹಳಿಯ ಮೇಲೆ ನಿಜವಾಗಿಯೂ ದುಡಿದವರ ಹೆಸರಿನಲ್ಲಿ ಏನೂ ಆಗಿಲ್ಲ. ಅರಸಾಳಿಗೆ ಪ್ರವಾಸಿಗಳು ಹೇಗೂ ಬರುತ್ತಿದ್ದಾರೆ. ಅಲ್ಲಿಯೇ ಒಂದು ಕೋಣೆಯಲ್ಲಿ ಹತ್ತು ಮೀಟರ್ ಮೀಟರ್‌ಗೇಜಿನ ಮಾದರಿಯನ್ನು ಹಾಸಿ ರೈಲ್‌ಬಸ್ಸನ್ನು ಓಡಿಸಿದರೆ ಬಂದವರು ಕಥೆಯ ಊರಿನೊಡನೆ ನಿಜದ ಊರನ್ನೂ ಕಂಡು ಹೋಗುವರು. ರೈಲ್‌ಬಸ್ಸು ಒಂದೇ ಪೆಟ್ಟಿಗೆಯಾದುದರಿಂದ ಅಲ್ಪ ಸ್ಥಳದಲ್ಲಿಯೇ ಹೋಗಿ ಬರುವುದು. ಹೊಸದಾಗಿ ಕಲಿಯುವವರು ಕೈಯಿಕ್ಕತಕ್ಕದ್ದೂ ಇದಕ್ಕೇ.

ತೀರ್ಥಹಳ್ಳಿಯವರು ಏನು ಮಾಡಬೇಕು? ಅವರಲ್ಲಿ ರೈಲೇ ಇರಲಿಲ್ಲ. ಅವರಿಗೆ ಇನ್ನೊಂದು ಸ್ವಾತಂತ್ರ್ಯವಿದೆ. ಇಲ್ಲದ ರೈಲನ್ನು ಇದ್ದಿದ್ದರೆ ಹೇಗಿರುತ್ತಿತ್ತೆಂದು ಕಟ್ಟುವುದು ಮಾದರಿಕಾರರಲ್ಲಿ ಮಾನ್ಯವಾದ ಪದ್ಧತಿ. ನರಸಿಂಹರಾಜಪುರದ ಎರಡಡಿಯ ಹಳಿಯು ಮುಂದುವರಿದು ತುಂಗೆಯ ತೀರಕ್ಕೆ ಬಂದಿದ್ದರೆ ಎಲ್ಲಿ ನಿಲ್ಲುತ್ತಿತ್ತು, ಹೊಳೆಯನ್ನು ದಾಟುತ್ತಿತ್ತೋ ದಡದಲ್ಲಿಯೇ ಉಳಿಯುತ್ತಿತ್ತೋ, ಎಳ್ಳಮಾವಾಸ್ಯೆಯ ಜಾತ್ರೆಗೆ ಎಷ್ಟು ಬಂಡಿಗಳನ್ನು ಹೆಚ್ಚಾಗಿ ಜೋಡಿಸುತ್ತಿದ್ದರು ಎಂಬುದನ್ನೆಲ್ಲ ಯೋಚಿಸುವುದೇ ಒಂದು ಭೂಗೋಳದ ಪಾಠ. ಆದರೆ ಕಲ್ಪನೆಗೂ ಅಳತೆಯ ಕಟ್ಟುಂಟು. ಏರು ಮೂವತ್ತಕ್ಕೆ ಒಂದಕ್ಕಿಂತ ಕಡಿದಾಗಕೂಡದು. ಒಂದು ಹಳಿಯು ಇನ್ನೊಂದರ ಮೇಲೆ ಹಾಯಬೇಕಾದರೆ ಈ ಪ್ರಮಾಣದಲ್ಲಿ ಗೇಣೆತ್ತರ ಬೇಕು, ಗೇಣೆತ್ತರಕ್ಕೆ ಆರು ಮೀಟರಿನ ಓಟ ಬೇಕು. ಕಲ್ಪನೆಯ ಎಂಜಿನು ಎಲ್ಲಿ ಬೇಕಾದರೂ ಏರೀತು, ಹಿತ್ತಾಳೆಯ ಎಂಜಿನು ಚಕ್ರ ಜಾರಿ ಅಲ್ಲಿಯೇ ತಿರುಗುತ್ತದೆ.

ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳನ್ನು ಕಂಡ ಸೀಮೆಯಿದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಹಿರೇಭಾಸ್ಕರದ ಹಳೆಯ ಅಣೆಕಟ್ಟೆಯೇ ನೀರಿನ ಪಾಲಾಯಿತು. ಮನೆಗಳನ್ನು ಬಿಟ್ಟು ಬಂದವರಲ್ಲಿ ಅನೇಕರ ಬಳಿ ತಮ್ಮ ಊರಿನ ಒಂದು ನಕ್ಷೆಯೂ ಇಲ್ಲ. ಯಾರೂ ಆಗ ಟೇಪು ಹಿಡಿಯಲಿಲ್ಲ. ರೈಲಿನ ವಿಷಯದಲ್ಲಿ ಇನ್ನೂ ಸಮಯ ಮೀರಿಲ್ಲ. ಉಳಿದ ಗೂಡ್ಸು ಷೆಡ್ಡುಗಳಿಗೆ, ಕಲ್ಲಿನ ಮೋರಿಗಳಿಗೆ, ಕ್ವಾರ್ಟರ್ಸುಗಳಿಗೆ ಶಾಲೆಯ ಹುಡುಗರನ್ನು ಕರೆದುಕೊಂಡು ಹೋಗಿ ಅಳತೆ ಬರೆಸಬೇಕು. ಮನೆಮನೆಯ ಆಲ್ಬಮ್ಮುಗಳಲ್ಲಿ ಮದುವೆಯ ದಿಬ್ಬಣದ ಹಿಂದೆ ಅಕಸ್ಮಾತ್ತಾಗಿ ಬಿದ್ದಿರುವ ನಿಲ್ದಾಣದ ಗೋಡೆಯನ್ನು ಹುಡುಕಬೇಕು. ಹಲಗೆ ಕೊಯ್ಯುವುದಕ್ಕಿಂತ ಮೊದಲು ಆಗತಕ್ಕ ಕೆಲಸ ಇದೇ.

ಕಟ್ಟಿ ಮುಗಿದ ಮೇಲೆ ಓಡಿಸುವ ಕ್ರಮವನ್ನೂ ನಿಜದಂತೆಯೇ ಇಟ್ಟರೆ ಮಕ್ಕಳಿಗೆ ಬೇಸರ ಬಾರದು. ಒಂಟಿ ಹಳಿಯ ದಾರಿಗಳಲ್ಲಿ ಎರಡು ಗಾಡಿಗಳು ಎದುರುಬದುರಾಗದಂತೆ ಒಂದು ಲೋಹದ ಗುಂಡನ್ನು ಚೀಲದಲ್ಲಿಟ್ಟು, ಚೀಲಕ್ಕೆ ಬೆತ್ತದ ಬಳೆಯನ್ನು ಕಟ್ಟಿ, ಡ್ರೈವರನ ಕೈಗೆ ಕೊಡುವ ಪದ್ಧತಿ ಇದ್ದುದನ್ನು ಹಿರಿಯರು ಬಲ್ಲರು. ಮುಂದಿನ ನಿಲ್ದಾಣದವರ ಒಪ್ಪಿಗೆಯಿಲ್ಲದೆ ಆ ಗುಂಡು ಯಂತ್ರದಿಂದ ಹೊರಬರುತ್ತಿರಲಿಲ್ಲ. ಅಟ್ಟದ ಈ ತುದಿಯಲ್ಲಿ ಒಬ್ಬ ಮಾಸ್ತರ, ಆ ತುದಿಯಲ್ಲಿ ಒಬ್ಬ ಮಾಸ್ತರ, ನಡುವೆ ಒಂದು ಗಂಟೆ. ಗುಂಡಿಗೆ ಬದಲಾಗಿ ಒಂದು ಗೋಲಿ. ಸಾಗರದ ಹುಡುಗಿಯು ಗಂಟೆ ಬಾರಿಸಿ ಒಪ್ಪಿಗೆ ಕೊಟ್ಟು, ಗೋಲಿಯು ಕೈಗೆ ಬರುವವರೆಗೆ ಆನಂದಪುರದ ಹುಡುಗನು ಗಾಡಿಯನ್ನು ಹೊರಡಿಸಕೂಡದು.